ಪಟ್ಟಿಯಲ್ಲಿ ಇಲ್ಲದ ಮೂವರು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದ ಒಂದು ಪದವಿಪೂರ್ವ ಕಾಲೇಜು. ದ್ವಿತೀಯ ಪಿಯುಸಿ ಗಣಕವಿಜ್ಞಾನದ ತರಗತಿ. ಹಾಜರಿ ಪುಸ್ತಕದಲ್ಲಿ 42 ಮಕ್ಕಳು, ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರುಗಳು 14. ಒಂದೊಂದರ ಮುಂದೆ ಮೂವರು. ನನಗೆ ಕೊಟ್ಟ ಘಟಕ ಡೇಟಾಬೇಸ್ ಮತ್ತು ಎಸ್‌ಕ್ಯೂಎಲ್. ನಾನು ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡಿ ಬಿ.ಇಡಿ.ಗೆ ಬಂದವಳು. ಹಾಗಾಗಿ ಪಾಠ ಮಾಡುವ ಬಗ್ಗೆ ಭಯವಿತ್ತು, ವಿಷಯದ ಬಗ್ಗೆ ಇರಲಿಲ್ಲ. ಮೊದಲ ವಾರದಲ್ಲೇ ನಾನು ಮಾಡಿದ ತಪ್ಪು ವಿಷಯದ್ದೇ ಆಗಿತ್ತು. ಅದನ್ನು ಇಲ್ಲಿ ಬರೆಯುತ್ತಿರುವುದು ಮುಂದೆ ಇದೇ ಘಟಕ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲಿ ಎಂದು.

ಮೊದಲ ಪಾಠ

ಪೂರ್ವಜ್ಞಾನ ಪರೀಕ್ಷೆಗೆ ಹಾಜರಿ ಪುಸ್ತಕದ ಮಾದರಿಯಲ್ಲೇ ಒಂದು ಚಾರ್ಟ್ ಮಾಡಿಕೊಂಡು ಹೋಗಿದ್ದೆ. ಕಾಲಂಗಳು ಐದು: ಕ್ರಮಾಂಕ, ಹೆಸರು, ಊರು, ಫೋನ್ 1, ಫೋನ್ 2.

"ಒಬ್ಬರಿಗೆ ಮೂರನೇ ನಂಬರ್ ಇದ್ದರೆ ಎಲ್ಲಿ ಬರೀತೀರಿ?"

"ಫೋನ್ 3 ಅಂತ ಇನ್ನೊಂದು ಕಾಲಂ ಹಾಕೋಣ ಮೇಡಂ."

"ಒಬ್ಬರಿಗೋಸ್ಕರ 42 ಜನರಿಗೂ ಕಾಲಂ?"

"ಹಾಗಾದ್ರೆ ಒಂದೇ ಚೌಕದಲ್ಲಿ ಕಾಮಾ ಹಾಕಿ ಬರೀಬಹುದು."

"ಸರಿ. ಮಿಸ್ಡ್ ಕಾಲ್ ಬಂದಿದೆ, ಆ ನಂಬರ್ ಯಾರ ಮನೇದು ಅಂತ ಹುಡುಕಬೇಕು. ಕಾಮಾ ನಡುವೆ ಹೇಗೆ ಹುಡುಕ್ತೀರಿ?"

ತರಗತಿ ಸುಮ್ಮನಾಯಿತು. ನನಗೆ ಬೇಕಿದ್ದದ್ದೂ ಅದೇ. ಚಾರ್ಟನ್ನು ಎರಡಾಗಿ ಕತ್ತರಿಸಿದೆ. ಒಂದು ಕೋಷ್ಟಕ 'ವಿದ್ಯಾರ್ಥಿ': ಕ್ರಮಾಂಕ, ಹೆಸರು, ಊರು. ಇನ್ನೊಂದು 'ದೂರವಾಣಿ': ಕ್ರಮಾಂಕ, ನಂಬರು, ಸಂಬಂಧ. ಒಬ್ಬರಿಗೆ ಎರಡು ನಂಬರಿದ್ದರೆ ಎರಡು ಸಾಲು, ಐದಿದ್ದರೆ ಐದು ಸಾಲು, ಹೊಸ ಕಾಲಂ ಬೇಡ. ಒಂದು ಕೋಷ್ಟಕ ಒಂದೇ ಬಗೆಯ ವಿಷಯ ಹೇಳಬೇಕು, ಒಂದು ಚೌಕದಲ್ಲಿ ಒಂದೇ ಮೌಲ್ಯ ಇರಬೇಕು, ಒಂದು ಸಂಗತಿ ಒಂದೇ ಕಡೆ ಬರೆದಿರಬೇಕು ಎಂದು ಹಲಗೆಯ ಮೇಲೆ ಬರೆದೆ. ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಚಾರ ಬಂತೆಂದೂ, 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು ರೂಪಿಸಿದ ಭಾಷೆಯೇ ಇಂದಿನ ಎಸ್‌ಕ್ಯೂಎಲ್‌ಗೆ ಮೂಲವೆಂದೂ ಹೇಳಿದೆ.

ಆಮೇಲೆ ಲ್ಯಾಬಿನಲ್ಲಿ ಮಕ್ಕಳೇ ತಮ್ಮ ತರಗತಿಯ ವಿವರ ತುಂಬಿದರು. ಕತ್ತರಿಸಿದ್ದನ್ನು ಕೂಡಿಸಲು ಹಲಗೆಯ ಮೇಲೆ ಹೀಗೆ ಬರೆದುಕೊಟ್ಟೆ:

ಸೆಲೆಕ್ಟ್ ವಿ.ಹೆಸರು, ದೂ.ನಂಬರು
ಫ್ರಮ್ ವಿದ್ಯಾರ್ಥಿ ವಿ
ಜಾಯಿನ್ ದೂರವಾಣಿ ದೂ
ಆನ್ ವಿ.ಕ್ರಮಾಂಕ = ದೂ.ಕ್ರಮಾಂಕ

ಪರದೆಯ ಮೇಲೆ 46 ಸಾಲು ಬಂದವು. "42 ಜನ ಇದ್ದೀರಿ, 46 ಹೇಗೆ ಬಂತು?" ಎಂದು ಕೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ತಟ್ಟನೆ, "ಕೆಲವರಿಗೆ ಎರಡು ನಂಬರ್ ಇದೆಯಲ್ಲ ಮೇಡಂ" ಎಂದ. ಶಭಾಷ್ ಎಂದೆ. ಎಲ್ಲರೂ ಬಂದಿದ್ದಾರೆ, ಮೇಲೆ ನಾಲ್ಕು ಹೆಚ್ಚಿಗೆ ಬಂದಿದೆ ಎಂದು ನಾನೂ ನಂಬಿದೆ, ಅವರೂ ನಂಬಿದರು.

ಮಾರ್ಗದರ್ಶಕ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ವೀಕ್ಷಣಾ ಹಾಳೆಯಲ್ಲಿ ವಿಷಯ ಜ್ಞಾನಕ್ಕೆ ಪೂರ್ಣ ಅಂಕ ಕೊಟ್ಟು ಕೆಳಗೆ ಒಂದು ಸಾಲು ಬರೆದಿದ್ದರು: ಮೌಲ್ಯಮಾಪನದ ಪ್ರಶ್ನೆಗಳು ಸ್ಮರಣೆಯ ಮಟ್ಟದಲ್ಲೇ ಉಳಿದಿವೆ. ನಾನು ಅಂಕ ನೋಡಿ ಹಾಳೆ ಮಡಚಿಟ್ಟೆ.

ಪೋಷಕರ ಸಭೆ

ಆ ವಾರ ಪೋಷಕರ ಸಭೆ ಇತ್ತು. ತರಗತಿಯ ಉಸ್ತುವಾರಿ ಉಪನ್ಯಾಸಕರು ಲ್ಯಾಬಿಗೆ ಬಂದವರು ಪರದೆ ನೋಡಿ, "ಇದನ್ನೇ ಪ್ರಿಂಟ್ ತೆಗೆದುಕೊಡಿ ಮೇಡಂ, ಆಫೀಸಿನವರಿಗೆ ಫೋನ್ ಮಾಡೋಕೆ ಸುಲಭ ಆಗುತ್ತೆ" ಎಂದರು. ಮಕ್ಕಳು ಮಾಡಿದ ಕೆಲಸ ನಿಜವಾಗಿ ಬಳಕೆಗೆ ಬರುತ್ತಿದೆಯೆಂದು ಹೆಮ್ಮೆಯಿಂದ ಪ್ರಿಂಟ್ ಕೊಟ್ಟೆ.

ಸಭೆಯ ಮರುದಿನ ಅವರ ಪಾಠ ವೀಕ್ಷಿಸಲು ಹಿಂದೆ ಕೂತಿದ್ದೆ. ಮನೆಯಿಂದ ಯಾರೂ ಬಾರದವರು ಎದ್ದು ನಿಲ್ಲಿ ಎಂದರು. ಒಂಬತ್ತು ಮಂದಿ ನಿಂತರು. ಆರು ಜನ ಒಂದೊಂದು ಕಾರಣ ಹೇಳಿದರು: ಹೊಲದಲ್ಲಿ ಕೆಲಸ, ಅಜ್ಜಿಗೆ ಹುಷಾರಿಲ್ಲ, ರಜೆ ಸಿಗಲಿಲ್ಲ. ಮೂವರು ಏನೂ ಹೇಳಲಿಲ್ಲ. "ಫೋನ್ ಮಾಡಿ ಕರೆದರೂ ಬರೋಕಾಗಲ್ವಾ ನಿಮ್ಮ ಮನೆಯವರಿಗೆ?" ಎಂದು ಅವರು ಕೇಳಿದಾಗ ಆ ಮೂವರಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿ ನಿಂತವಳು ಗಂಟೆ ಹೊಡೆಯುವವರೆಗೂ ತಲೆ ಎತ್ತಲಿಲ್ಲ.

ಊಟದ ಬಿಡುವಿನಲ್ಲಿ ಅವಳನ್ನು ಕರೆದು ಕೇಳಿದೆ.

"ನಮ್ಮನೇಗೆ ಫೋನೇ ಬರ್ಲಿಲ್ಲ ಮೇಡಂ. ಇದ್ದ ಫೋನು ಮಳೇಲಿ ನೆನೆದು ಹಾಳಾಗಿದೆ. ಯಾವಾಗ್ಲೂ ಆಫೀಸಲ್ಲಿ ಚೀಟಿ ಬರೆದು ಕೊಡ್ತಿದ್ರು, ಈ ಸಲ ಕೊಡ್ಲಿಲ್ಲ."

"ಲ್ಯಾಬಲ್ಲಿ ಲಿಸ್ಟ್ ನೋಡಿದ್ಯಲ್ಲ, ನಿನ್ನ ಹೆಸರು ಇಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಫೋನ್ ಇಲ್ದೋರ ಹೆಸರು ಬರಲ್ಲ, ಅದೇ ಪಾಠ ಅಂದ್ಕೊಂಡೆ ಮೇಡಂ."

ಅಂದಿನ ನನ್ನ ತರಗತಿಯಲ್ಲಿ ಇನ್ನರ್ ಜಾಯಿನ್ ಸರಿಯಾಗಿ ಅರ್ಥವಾಗಿದ್ದು ಅವಳೊಬ್ಬಳಿಗೆ. ಎರಡೂ ಕಡೆ ಹೊಂದುವ ಸಾಲು ಇದ್ದರೆ ಮಾತ್ರ ಹೆಸರು ಬರುತ್ತದೆ, ಒಂದು ಕಡೆ ಇಲ್ಲದಿದ್ದರೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಅದನ್ನು ಅವಳು ತನ್ನ ಹೆಸರಿನಿಂದಲೇ ಕಲಿತಿದ್ದಳು.

ಖಾಲಿ ಚೌಕ ಎಲ್ಲಿ ಹೋಯಿತು?

ಸಂಜೆ ಕೂತು ಲೆಕ್ಕ ಹಾಕಿದೆ. ದೂರವಾಣಿ ಕೋಷ್ಟಕದಲ್ಲಿ ಬೇರೆಬೇರೆ ಕ್ರಮಾಂಕಗಳು ಎಷ್ಟಿವೆ ಎಂದು ಕೌಂಟ್ ಡಿಸ್ಟಿಂಕ್ಟ್ ಹಾಕಿದರೆ 39. ಅವರಲ್ಲಿ ಏಳು ಮಂದಿಗೆ ಎರಡೆರಡು ನಂಬರು. 39ಕ್ಕೆ 7 ಸೇರಿ 46. ಮೂವರು ಬಿಟ್ಟುಹೋಗಿದ್ದನ್ನು ಏಳು ಹೆಚ್ಚುವರಿ ಸಾಲುಗಳು ಮುಚ್ಚಿಹಾಕಿದ್ದವು. ಒಟ್ಟು 42ಕ್ಕಿಂತ ಕಡಿಮೆ ಬಂದಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಹೆಚ್ಚು ಬಂದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಇನ್ನೂ ಒಂದು ವಿಷಯ ನನ್ನನ್ನು ಕಾಡಿತು. ಹಳೆಯ ಹಾಜರಿ ಪುಸ್ತಕದಲ್ಲಿ ಈ ತಪ್ಪು ಆಗುತ್ತಿರಲಿಲ್ಲ. ಅಲ್ಲಿ ಅವಳ ಹೆಸರಿನ ಮುಂದೆ ಫೋನ್ ಕಾಲಂ ಖಾಲಿ ಇರುತ್ತಿತ್ತು. ಆಫೀಸಿನ ಗುಮಾಸ್ತರು ಆ ಖಾಲಿ ಚೌಕ ನೋಡಿಯೇ ಚೀಟಿ ಬರೆಯುತ್ತಿದ್ದರು. ನಾನು ಕೋಷ್ಟಕವನ್ನು ಶಾಸ್ತ್ರೋಕ್ತವಾಗಿ ಎರಡು ಮಾಡಿದೆ. ಒಂದು ಕೋಷ್ಟಕದಲ್ಲಿ ಖಾಲಿ ಚೌಕವಾಗಿ ಕಾಣುತ್ತಿದ್ದ 'ಇಲ್ಲ' ಎಂಬುದು ಎರಡು ಕೋಷ್ಟಕವಾದ ಮೇಲೆ ಕಾಣುವಂತೆಯೇ ಇರಲಿಲ್ಲ. ದೂರವಾಣಿ ಕೋಷ್ಟಕದಲ್ಲಿ ಅವಳ ಸಾಲೇ ಇಲ್ಲ. ಇಲ್ಲದ ಸಾಲಿಗೆ ಖಾಲಿ ಚೌಕ ಎಲ್ಲಿಂದ ಬರಬೇಕು?

ಹಾಗೆಂದು ಕೋಷ್ಟಕ ಒಡೆದದ್ದು ತಪ್ಪಲ್ಲ. ಫೋನ್ 1, ಫೋನ್ 2 ಎಂದು ಅಡ್ಡಕ್ಕೆ ಬೆಳೆಸುವ ಕಷ್ಟ ನಿಜವಾದದ್ದೇ. ಆದರೆ ಒಡೆಯುವಾಗ ಕಳೆದುಹೋಗುವ ಆ ಖಾಲಿ ಚೌಕವನ್ನು ಕೂಡಿಸುವಾಗ ಮರಳಿ ತರುವುದು ಬರೆಯುವವರ ಹೊಣೆ. ಲೆಫ್ಟ್ ಜಾಯಿನ್ ಇರುವುದು ಅದಕ್ಕೇ. ಜಾಯಿನ್ ಎಂದಿದ್ದ ಕಡೆ ಲೆಫ್ಟ್ ಜಾಯಿನ್ ಎಂದು ಬದಲಿಸಿದೆ. 49 ಸಾಲು ಬಂದವು. ಮೂರು ಹೆಸರುಗಳ ಮುಂದೆ ನಂಬರಿನ ಜಾಗದಲ್ಲಿ ನಲ್ ಇತ್ತು. ಗುಮಾಸ್ತರು ನೋಡುತ್ತಿದ್ದ ಖಾಲಿ ಚೌಕ ಅದೇ.

ಫಾರಿನ್ ಕೀ ಹಾಕಿದ್ದೆನಲ್ಲ, ಅದು ಯಾಕೆ ಕಾಯಲಿಲ್ಲ ಎಂದೂ ಯೋಚಿಸಿದೆ. ಫಾರಿನ್ ಕೀ ಕಾಯುವುದು ಒಂದೇ ದಿಕ್ಕಿನಲ್ಲಿ. ಇಲ್ಲದ ವಿದ್ಯಾರ್ಥಿಯ ಹೆಸರಿನಲ್ಲಿ ಫೋನ್ ನಂಬರು ಸೇರದಂತೆ ಅದು ತಡೆಯುತ್ತದೆ. ಫೋನ್ ಇಲ್ಲದ ವಿದ್ಯಾರ್ಥಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. (ನಾವು ಲ್ಯಾಬಿನಲ್ಲಿ ಬಳಸಿದ್ದು ಎಸ್‌ಕ್ಯೂಲೈಟ್. ಅದರಲ್ಲಿ ಫಾರಿನ್ ಕೀ ತಪಾಸಣೆಯನ್ನು ಸಾಮಾನ್ಯವಾಗಿ ಪ್ರತಿ ಸಲ ತೆರೆದಾಗಲೂ ನಾವೇ ಆನ್ ಮಾಡಬೇಕು; ಇಲ್ಲದಿದ್ದರೆ ಅದು ಆ ಒಂದು ದಿಕ್ಕನ್ನೂ ಕಾಯುವುದಿಲ್ಲ. ಪ್ರಯೋಗದ ಪಾಠಯೋಜನೆಯಲ್ಲಿ ಇದನ್ನು ಮೊದಲ ಹೆಜ್ಜೆಯಾಗಿ ಬರೆದುಕೊಳ್ಳಿ.)

ಮರುದಿನ ಉಸ್ತುವಾರಿ ಉಪನ್ಯಾಸಕರಿಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ತರಗತಿಗೆ ಬಂದು, "ಮೂರು ಮನೆಗಳಿಗೆ ನಾವು ಹೇಳೇ ಕಳಿಸಿರಲಿಲ್ಲ, ತಪ್ಪು ನಮ್ಮ ಲಿಸ್ಟಿನದು" ಎಂದು ಎಲ್ಲರ ಎದುರು ಹೇಳಿ ಚೀಟಿ ಬರೆಸಿದರು. ಲಿಸ್ಟ್ ಮಾಡಿಸಿದವಳು ನಾನು ಎಂದು ನಾನೂ ಎದ್ದು ಹೇಳಿದೆ. ಹೇಳುವಾಗ ಧ್ವನಿ ನಡುಗಿತು. ಸೂಕ್ಷ್ಮ ಬೋಧನೆಯ ಮೊದಲ ದಿನವೂ ಅಷ್ಟು ನಡುಗಿರಲಿಲ್ಲ.

ಮಾರ್ಗದರ್ಶಕರ ಮಾತು

ಮಾರ್ಗದರ್ಶಕರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿ, ಇದೇ ಉದಾಹರಣೆ ಇಟ್ಟುಕೊಂಡು ಲೆಫ್ಟ್ ಜಾಯಿನ್ ಪಾಠ ಮಾಡುತ್ತೇನೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಪರದೆ ಮೇಲೆ ನಲ್ ಅಂತ ಬಂದ ಆ ಮೂರು ಹೆಸರನ್ನ ಇನ್ನೊಂದು ಸಲ 42 ಜನರ ಮುಂದೆ ತೋರಿಸ್ತೀರಾ?"

ನನಗೆ ಅದು ಹೊಳೆದೇ ಇರಲಿಲ್ಲ. ಮಕ್ಕಳ ಜೀವನದಿಂದ ಉದಾಹರಣೆ ತೆಗೆದುಕೊಳ್ಳಿ ಎಂದು ಬೋಧನಾಶಾಸ್ತ್ರದ ತರಗತಿಯಲ್ಲಿ ಬರೆದುಕೊಂಡಿದ್ದೆ. ಯಾವ ಉದಾಹರಣೆಯಲ್ಲಿ ಯಾರ ಮನೆಯ ಕೊರತೆ ಎಲ್ಲರ ಮುಂದೆ ಬೀಳುತ್ತದೆ ಎಂದು ಯೋಚಿಸಿರಲಿಲ್ಲ. ಅಂದೇ ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಂದ ಆ ಫೋನ್ ನಂಬರುಗಳ ಕಡತ ಅಳಿಸಿದೆ. ಮನೆಯವರ ನಂಬರುಗಳನ್ನು ಎಲ್ಲರ ಕೈಗೂ ಸಿಗುವಂತೆ ಇಟ್ಟದ್ದೇ ಸರಿಯಲ್ಲ ಎಂಬುದೂ ಆಗಲೇ ತಿಳಿದದ್ದು.

ಎರಡನೆಯ ಪಾಠ

ಹೊಸ ಪಾಠಕ್ಕೆ ಕಾಲ್ಪನಿಕ ಗ್ರಂಥಾಲಯ ಆರಿಸಿಕೊಂಡೆ. ಮೂರು ಕೋಷ್ಟಕ: ಓದುಗ, ಪುಸ್ತಕ, ಎರವಲು. ಎರವಲಿನಲ್ಲಿ ಓದುಗರ ಸಂಖ್ಯೆ, ಪುಸ್ತಕದ ಸಂಖ್ಯೆ, ಕೊಟ್ಟ ದಿನ, ವಾಪಸು ಬಂದ ದಿನ. ವಿನ್ಯಾಸವನ್ನು ನಾನು ಹೇಳದೆ ಗುಂಪುಗಳಿಗೇ ಬಿಟ್ಟೆ. ಒಂದು ಗುಂಪು ಎರವಲಿನಲ್ಲಿ ಪುಸ್ತಕದ ಹೆಸರನ್ನೂ ಸೇರಿಸಿತ್ತು. "ಹೆಸರಲ್ಲಿ ಅಕ್ಷರ ತಪ್ಪಿದ್ರೆ ಎಷ್ಟು ಕಡೆ ತಿದ್ದಬೇಕು?" ಎಂದು ಪಕ್ಕದ ಗುಂಪಿನವರೇ ಕೇಳಿ ತೆಗೆಸಿದರು. ಇನ್ನೊಂದು ಗುಂಪು ಓದುಗರ ಸಂಖ್ಯೆ ಮತ್ತು ಪುಸ್ತಕದ ಸಂಖ್ಯೆ ಎರಡನ್ನೂ ಸೇರಿಸಿ ಪ್ರೈಮರಿ ಕೀ ಮಾಡಿತ್ತು. ಅದೇ ಪುಸ್ತಕವನ್ನು ಅದೇ ಓದುಗ ಮುಂದಿನ ತಿಂಗಳು ಮತ್ತೆ ತೆಗೆದುಕೊಂಡರೆ ಎಂಬ ಪ್ರಶ್ನೆ ಬಂದಾಗ ಎರವಲಿಗೇ ಒಂದು ಸಂಖ್ಯೆ ಕೊಡೋಣ ಎಂದು ತೀರ್ಮಾನವಾಯಿತು. ತರಗತಿಯ ಕ್ರಮಾಂಕ ಪ್ರತಿ ವರ್ಷ ಬದಲಾಗುತ್ತದೆ, ಸ್ಯಾಟ್ಸ್ ಸಂಖ್ಯೆ ಬದಲಾಗುವುದಿಲ್ಲ, ಆದ್ದರಿಂದ ಕೀ ಮಾಡುವುದಾದರೆ ಅಂಥದ್ದನ್ನು ಮಾಡಬೇಕು ಎಂದು ಒಬ್ಬಳು ಹೇಳಿದಳು. ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ಆಮೇಲೆ ಚಟುವಟಿಕೆ. ಬೋಧನೋಪಕರಣ ಎಂದರೆ ಡ್ರಾಯಿಂಗ್ ಹಾಳೆಯಿಂದ ಕತ್ತರಿಸಿದ ಕಾರ್ಡುಗಳು ಮತ್ತು ಉಲ್ಲನ್ ದಾರ. ಬಿಳಿ ಕಾರ್ಡು ಎಂಟು, ಅವು ಓದುಗರು. ಹಳದಿ ಕಾರ್ಡು ಏಳು, ಅವು ಎರವಲು. ಚೀಟಿ ಎತ್ತಿ 15 ಮಕ್ಕಳಿಗೆ ಹಂಚಿದೆ. ಪ್ರತಿ ಹಳದಿ ಕಾರ್ಡಿನಿಂದ ತನ್ನ ಓದುಗನಿಗೆ ಒಂದು ದಾರ. ಕಾರ್ಡುಗಳನ್ನು ಮೊದಲೇ ಹೀಗೆ ಸಿದ್ಧಪಡಿಸಿದ್ದೆ: ಇಬ್ಬರು ಓದುಗರ ಬಳಿ ಎರಡೆರಡು ಪುಸ್ತಕ, ಮೂವರ ಬಳಿ ಒಂದೊಂದು, ಉಳಿದ ಮೂವರು ಪುಸ್ತಕವನ್ನೇ ತೆಗೆದುಕೊಂಡಿಲ್ಲ.

ಉಳಿದ 27 ಮಕ್ಕಳ ಕೆಲಸ ಒಂದೇ: ಉತ್ತರ ಬರುವ ಮೊದಲು ಎಷ್ಟು ಸಾಲು ಬರುತ್ತದೆಂದು ಪುಸ್ತಕದಲ್ಲಿ ಬರೆಯುವುದು.

"ಇನ್ನರ್ ಜಾಯಿನ್. ದಾರ ಇಲ್ಲದವರು ಕೂತುಕೊಳ್ಳಿ." ಮೂವರು ಬಿಳಿ ಕಾರ್ಡಿನವರು ಕೂತರು. ದಾರಗಳನ್ನು ಎಣಿಸಿದರೆ ಏಳು. ಏಳು ಸಾಲು.

"ಲೆಫ್ಟ್ ಜಾಯಿನ್. ಬಿಳಿ ಕಾರ್ಡಿನವರು ಯಾರೂ ಕೂರಬಾರದು." ಕೂತವರು ಎದ್ದರು. ಅವರ ಕೈಗೆ ಏನೂ ಬರೆಯದ ಖಾಲಿ ಹಾಳೆ ಕೊಟ್ಟೆ, ಅದೇ ನಲ್. ಏಳು ದಾರ, ಮೂರು ಖಾಲಿ ಹಾಳೆ, ಹತ್ತು ಸಾಲು.

ಇದನ್ನೇ ಲ್ಯಾಬಿನಲ್ಲಿ ಮಾಡುವಾಗ ಒಂದು ಗುಂಪು ಆನ್ ಸಾಲು ಬರೆಯುವುದನ್ನೇ ಮರೆತು 56 ಸಾಲು ಪಡೆಯಿತು. ಕಂಪ್ಯೂಟರ್ ಕೆಟ್ಟಿದೆ ಎಂದು ಯಾರೂ ಹೇಳಲಿಲ್ಲ. "ಎಂಟೇಳಲ ಐವತ್ತಾರು ಮೇಡಂ, ಪ್ರತಿ ಓದುಗನಿಗೂ ಪ್ರತಿ ಎರವಲಿಗೂ ದಾರ ಕಟ್ಟಿಬಿಟ್ಟಿದೆ" ಎಂದು ಅವರೇ ಕಂಡುಕೊಂಡರು. ಸಾಲುಗಳ ಸಂಖ್ಯೆಯನ್ನು ಮೊದಲೇ ಊಹಿಸುವ ಅಭ್ಯಾಸದಿಂದ ಆದ ಲಾಭ ಇದು.

ದಂಡ ಕಟ್ಟಬೇಕಾದವರು ಯಾರು?

ಲೆಫ್ಟ್ ಜಾಯಿನ್ ಒಳ್ಳೆಯದು, ಇನ್ನರ್ ಜಾಯಿನ್ ಅಪಾಯಕಾರಿ ಎಂಬ ಇನ್ನೊಂದು ತಪ್ಪು ಪಾಠವನ್ನು ನಾನು ಕಲಿಸಿಬಿಡುತ್ತಿದ್ದೆ. ಅದರಿಂದ ಪಾರಾದದ್ದು ಕೊನೆಯ ಪ್ರಶ್ನೆಯಿಂದ.

ಏಳು ಎರವಲುಗಳಲ್ಲಿ ನಾಲ್ಕು ವಾಪಸು ಬಂದಿದ್ದವು, ಮೂರು ಬಂದಿರಲಿಲ್ಲ. ವಾಪಸು ಕೊಡದವರ ಪಟ್ಟಿ ತೆಗೆಯಿರಿ ಎಂದೆ. ಒಂದು ಗುಂಪು ವಾಪಸು ದಿನ ಸಮ ನಲ್ ಎಂದು ಬರೆದು ಒಂದೂ ಸಾಲು ಬರದೆ ಕಂಗಾಲಾಯಿತು. ನಲ್ ಎಂದರೆ ಗೊತ್ತಿಲ್ಲದ್ದು, ಗೊತ್ತಿಲ್ಲದ್ದು ಯಾವುದಕ್ಕೂ ಸಮವೆಂದು ಹೇಳಲಾಗದು, ಇನ್ನೊಂದು ನಲ್‌ಗೂ ಸಮವಲ್ಲ. ಈಸ್ ನಲ್ ಎಂದೇ ಕೇಳಬೇಕು ಎಂದು ತಿದ್ದಿದೆ. ಆಗ ಹೆಚ್ಚಿನ ಗುಂಪುಗಳು ಲೆಫ್ಟ್ ಜಾಯಿನ್ ಬಳಸಿ, ವಾಪಸು ದಿನ ಈಸ್ ನಲ್ ಎಂಬ ಷರತ್ತು ಹಾಕಿದವು. ಆರು ಹೆಸರು ಬಂದವು.

"ಇವರಿಗೆಲ್ಲ ದಂಡ ಹಾಕೋಣವಾ?" ಎಂದೆ.

ಬಿಳಿ ಕಾರ್ಡಿನ ಹುಡುಗನೊಬ್ಬ ಎದ್ದುನಿಂತ. "ನಾನು ಪುಸ್ತಕಾನೇ ತಗೊಂಡಿಲ್ಲ ಮೇಡಂ! ನಾನ್ಯಾಕೆ ದಂಡ ಕಟ್ಲಿ?"

ತರಗತಿ ನಕ್ಕಿತು, ಆಮೇಲೆ ಯೋಚಿಸಿತು. ಪಟ್ಟಿಯಲ್ಲಿ ಎರಡು ಬಗೆಯ ನಲ್ ಇದ್ದವು. ಒಂದು, ಎರವಲು ಕೋಷ್ಟಕದಲ್ಲೇ ಇದ್ದದ್ದು: ಪುಸ್ತಕ ಇನ್ನೂ ಬಂದಿಲ್ಲ. ಇನ್ನೊಂದು, ಲೆಫ್ಟ್ ಜಾಯಿನ್ ತಾನೇ ತುಂಬಿದ್ದು: ಎರವಲೇ ಇಲ್ಲ. ನೋಡಲು ಎರಡೂ ಒಂದೇ. ಮೊದಲ ವಾರ ಇರಬೇಕಾದ ಮೂವರು ಪಟ್ಟಿಯಿಂದ ಹೊರಗೆ ಹೋದರು, ಈಗ ಇರಬಾರದ ಮೂವರು ಒಳಗೆ ಬಂದರು. ಇಲ್ಲಿ ಬೇಕಿದ್ದದ್ದು ಇನ್ನರ್ ಜಾಯಿನ್. ಬದಲಿಸಿದಾಗ ಸರಿಯಾಗಿ ಮೂರು ಹೆಸರು ಉಳಿದವು.

ಯಾವ ಜಾಯಿನ್ ಎಂಬುದನ್ನು ತೀರ್ಮಾನಿಸುವುದು ಪ್ರಶ್ನೆ. 'ಎಲ್ಲ ಓದುಗರು, ಅವರ ಎರವಲು ಇದ್ದರೆ ಅದೂ' ಎಂದರೆ ಲೆಫ್ಟ್. 'ಎರವಲು ಪಡೆದವರಲ್ಲಿ ಇಂಥವರು' ಎಂದರೆ ಇನ್ನರ್. ಹೀಗೆ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಪೂರ್ಣ ವಾಕ್ಯವಾಗಿ ಬರೆಸಿ, ಆಮೇಲೆ ಎಸ್‌ಕ್ಯೂಎಲ್‌ಗೆ ಹೋದಾಗ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಕೋಷ್ಟಕ ವಿನ್ಯಾಸವನ್ನು ಒಂದು ಪಾಠ, ಜಾಯಿನನ್ನು ಇನ್ನೊಂದು ಪಾಠ ಎಂದು ನಾನು ಪಾಠಯೋಜನೆ ಬರೆದಿದ್ದೆ. ಈಗ ಹಾಗೆ ಬರೆಯುವುದಿಲ್ಲ. ಕೋಷ್ಟಕವನ್ನು ಒಡೆದ ದಿನವೇ, ಒಡೆಯುವಾಗ ಏನು ಕಾಣದಾಯಿತು ಎಂದು ಕೇಳಿಸಬೇಕು. ಒಡೆಯುವುದಕ್ಕೆ ಕೊಟ್ಟಷ್ಟೇ ಸಮಯವನ್ನು ಕೂಡಿಸುವುದಕ್ಕೂ ಕೊಡಬೇಕು. ಅಭ್ಯಾಸದ ಕೋಷ್ಟಕಗಳಲ್ಲಿ ಜೋಡಿ ಇಲ್ಲದ ಒಂದೆರಡು ಸಾಲುಗಳನ್ನು ಬೇಕೆಂದೇ ಇಡಬೇಕು. ಎಲ್ಲವೂ ಅಚ್ಚುಕಟ್ಟಾಗಿ ಹೊಂದುವ ಕೋಷ್ಟಕಗಳಲ್ಲಿ ಇನ್ನರ್ ಮತ್ತು ಲೆಫ್ಟ್ ಎರಡರ ಉತ್ತರವೂ ಒಂದೇ. ಮಕ್ಕಳು ವ್ಯತ್ಯಾಸವನ್ನು ಬಾಯಿಪಾಠ ಮಾಡುತ್ತಾರೆ, ನೋಡುವುದಿಲ್ಲ.

ಮಾರ್ಗದರ್ಶಕರು ಸ್ಮರಣೆಯ ಮಟ್ಟ ಎಂದು ಬರೆದದ್ದರ ಅರ್ಥವೂ ಈಗ ಗೊತ್ತಾಗಿದೆ. "ಜಾಯಿನ್ ಎಂದರೇನು? ಅದರ ವಿಧಗಳಾವುವು?" ಎಂದು ನಾನು ಕೇಳಿದ್ದೆ. ಈಗ ನನ್ನ ಪಾಠಯೋಜನೆಯ ಮೌಲ್ಯಮಾಪನದ ಕಾಲಮ್ಮಿನಲ್ಲಿ, ಪ್ರತಿ ಉತ್ತರದ ಪಟ್ಟಿಗೂ ಕೇಳಬೇಕಾದ ಮೂರು ಪ್ರಶ್ನೆಗಳಿವೆ. ಯಾರು ಬಿಟ್ಟುಹೋದರು? ಯಾರು ಎರಡು ಸಲ ಬಂದರು? ಬರಬಾರದವರು ಯಾರು ಬಂದರು?

ಅಭ್ಯಾಸ ಬೋಧನೆಯ ಕೊನೆಯ ದಿನ ಆಫೀಸಿಗೆ ಸಹಿ ಹಾಕಲು ಹೋಗಿದ್ದೆ. ಗುಮಾಸ್ತರು ಮುಂದಿನ ಸಭೆಗೆ ಲಿಸ್ಟ್ ನೋಡುತ್ತಿದ್ದರು. ಉಸ್ತುವಾರಿ ಉಪನ್ಯಾಸಕರು ಹೊಸದಾಗಿ ತೆಗೆಸಿದ್ದು, 42 ಹೆಸರೂ ಇದ್ದದ್ದು. ನಂಬರು ಇಲ್ಲದ ಮೂರು ಹೆಸರುಗಳ ಮುಂದೆ ಅವರು ಪೆನ್ನಿನಿಂದ 'ಚೀಟಿ' ಎಂದು ಬರೆದುಕೊಂಡಿದ್ದರು.